ಭತ್ತ ಬೆಳೆಯುವವರು ಯಾರು ಅಂತ ಯಾರೂ ಕೇಳಲಿಲ್ಲ

ಪಶ್ಚಿಮ ಆಫ್ರಿಕಾದ ನಕ್ಷೆಯಲ್ಲಿ ಗ್ಯಾಂಬಿಯಾವನ್ನು ಹುಡುಕಬೇಕಾದರೆ ಕಣ್ಣು ಕಿರಿದು ಮಾಡಬೇಕು. ಒಂದು ನದಿ, ಅದರ ಎರಡು ದಡ, ಅಷ್ಟೇ ದೇಶ. ನದಿ ಪಕ್ಕದ ಜೌಗು ನೆಲದಲ್ಲಿ ತಲೆತಲಾಂತರದಿಂದ ಭತ್ತ ಬೆಳೆಯುತ್ತಿದ್ದವರು ಹೆಂಗಸರು. ಗಂಡಸರದ್ದು ಮೇಲಿನ ಒಣಭೂಮಿ. ಅಲ್ಲಿ ಶೇಂಗಾ, ಜೋಳ, ಸಜ್ಜೆ. ಯಾವ ತಗ್ಗಿನಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ, ಅಲ್ಲಿಗೆ ಯಾವ ಬೀಜ ಒಗ್ಗುತ್ತದೆ ಅನ್ನುವ ಲೆಕ್ಕವೆಲ್ಲ ಹೆಂಗಸರ ತಲೆಯಲ್ಲಿತ್ತು.

1966ರಲ್ಲಿ ತೈವಾನಿನ ತಜ್ಞರು ಬಂದರು. ನೀರಾವರಿ ಮಾಡಿ ಭತ್ತ ಜಾಸ್ತಿ ಬೆಳೆಸುವುದು ಅವರ ಉದ್ದೇಶ. ಪಂಪು ಬಂತು, ಗೊಬ್ಬರ ಬಂತು, ಹೊಸ ಬೀಜ ಬಂತು, ಸಾಲ ಬಂತು. ಎಲ್ಲವೂ ಗಂಡಸರ ಕೈಗೆ. ತರಬೇತಿಯೂ ಅವರಿಗೇ. ಆಮೇಲೆ ವಿಶ್ವಬ್ಯಾಂಕಿನ ಯೋಜನೆ ಬಂತು, ಚೀನಾದ್ದು ಬಂತು. ಅವರೂ ಅದೇ ದಾರಿ ಹಿಡಿದರು. ಅಂದುಕೊಂಡಷ್ಟು ಭತ್ತ ಬರಲಿಲ್ಲ. 1981ರಲ್ಲಿ ಜೆನಿ ಡೇ ಎಂಬ ಸಂಶೋಧಕಿ ಈ ಮೂರೂ ಯೋಜನೆಗಳನ್ನು ಕೂಲಂಕಷವಾಗಿ ನೋಡಿ ಕಾರಣ ಬರೆದರು. ಭತ್ತದ ಕೆಲಸ ಗೊತ್ತಿದ್ದವರನ್ನು ಬದಿಗೆ ಸರಿಸಿ, ಗೊತ್ತಿಲ್ಲದವರಿಗೆ ಭತ್ತ ಕಲಿಸಲು ಹೊರಟಿದ್ದರು.

ಇದರಲ್ಲಿ ಯಾರ ಕೆಟ್ಟತನವೂ ಇಲ್ಲ. ಬಂದವರ ತಲೆಯಲ್ಲಿ ರೈತ ಅಂದರೆ ಗಂಡಸು, ಅಷ್ಟೇ. ನಮ್ಮ ಮಾತಿನಲ್ಲೂ ನೋಡಿ. ‘ರೈತ ಹೊಲ ಉಳುತ್ತಾನೆ’ ಅಂತ ಸುಮ್ನೆ ಬಾಯಿಗೆ ಬಂದುಬಿಡುತ್ತದೆ. ಹೆಂಗಸಾದರೆ ‘ರೈತ ಮಹಿಳೆ’ ಅಂತ ಬಾಲ ಸೇರಿಸಬೇಕು. ನಾಟಿ, ಕಳೆ, ಕೊಯ್ಲು, ಒಕ್ಕಣೆ ಎಲ್ಲ ಯಾರು ಮಾಡುತ್ತಾರೆ ಅಂತ ಗೊತ್ತಿದ್ದೂ ಹೀಗೆ.

ಇಂಥ ಎಡವಟ್ಟುಗಳನ್ನು ಮೊದಲೇ ಹಿಡಿಯುವುದನ್ನು ಈಗ ವಿಶ್ವವಿದ್ಯಾಲಯಗಳಲ್ಲಿ ಕಲಿಸುತ್ತಾರೆ. ‘ಜೆಂಡರ್ ಮತ್ತು ಅಭಿವೃದ್ಧಿ’ ಅಂತ ಆ ಕೋರ್ಸುಗಳಿಗೆ ಹೆಸರು. ಹೆಸರು ಕೇಳಿದರೆ ಭಾಷಣದ ವಾಸನೆ ಬರುತ್ತದೆ, ಒಪ್ಪುತ್ತೇನೆ. ಒಳಗೆ ಹೋದರೆ ಹೆಚ್ಚಿನದೆಲ್ಲ ಲೆಕ್ಕದ ಕೆಲಸ. ಯಾರು ಮಾಡುತ್ತಾರೆ, ಯಾರಿಗೆ ಸಿಗುತ್ತದೆ, ಯಾರು ತೀರ್ಮಾನಿಸುತ್ತಾರೆ ಅನ್ನುವ ಲೆಕ್ಕ.

ಮೊದಲು ಆ ಪದದ ಗೊಂದಲ ಬಿಡಿಸೋಣ. ಜೆಂಡರ್‌ಗೆ ಕನ್ನಡದಲ್ಲಿ ‘ಲಿಂಗ’, ‘ಲಿಂಗತ್ವ’ ಅಂತೆಲ್ಲ ಬರೆಯುತ್ತಾರೆ. ಹೆಣ್ಣು ಹೆರುತ್ತಾಳೆ ಅನ್ನುವುದು ದೇಹದ ವಿಷಯ. ಹೆಣ್ಣು ನೇಗಿಲು ಮುಟ್ಟಬಾರದು ಅನ್ನುವುದು ಊರು ಮಾಡಿಕೊಂಡ ಕಟ್ಟಳೆ. ಎರಡನೆಯದೇ ಜೆಂಡರ್. ಅದು ಊರಿಂದ ಊರಿಗೆ ಬದಲಾಗುತ್ತದೆ. ಒಂದು ಕಡೆ ಹೆಂಗಸರ ಕೆಲಸ ಅನ್ನಿಸಿಕೊಂಡದ್ದು ಇನ್ನೊಂದು ಕಡೆ ಗಂಡಸರದ್ದು. ಆದ್ದರಿಂದಲೇ ಕಚೇರಿಯಲ್ಲಿ ಕೂತು ಊಹಿಸಲಾಗುವುದಿಲ್ಲ, ಹೋಗಿ ಕೇಳಬೇಕು.

ಪಾಠ ಶುರುವಾದದ್ದು ಹೇಗೆ

1970ರಲ್ಲಿ ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ತರ್ ಬೋಸೆರಪ್ ಒಂದು ಪುಸ್ತಕ ಬರೆದರು. ಆಫ್ರಿಕಾದ ಬಹಳಷ್ಟು ಕಡೆ ಬೇಸಾಯ ನಡೆಸುವವರೇ ಹೆಂಗಸರು, ‘ಆಧುನೀಕರಣ’ ಬಂದಾಗ ಯಂತ್ರ, ತರಬೇತಿ, ಜಮೀನಿನ ಪತ್ರ ಮೂರೂ ಗಂಡಸರ ಪಾಲಾಗುತ್ತವೆ ಅಂತ ತೋರಿಸಿದರು. 1973ರಲ್ಲಿ ಅಮೆರಿಕದ ಸೆನೆಟರ್ ಚಾರ್ಲ್ಸ್ ಪರ್ಸಿ ಆ ದೇಶದ ವಿದೇಶಿ ನೆರವಿನ ಕಾನೂನಿಗೆ ಒಂದು ತಿದ್ದುಪಡಿ ತಂದರು. ನೆರವಿನ ಹಣ ಖರ್ಚು ಮಾಡುವಾಗ ಹೆಂಗಸರನ್ನೂ ಆಯಾ ದೇಶದ ಆರ್ಥಿಕತೆಯೊಳಗೆ ಸೇರಿಸಿಕೊಳ್ಳುವ ಬಗ್ಗೆ ಗಮನ ಕೊಡಬೇಕು ಅಂತ. 1975ರಲ್ಲಿ ಮೆಕ್ಸಿಕೋದಲ್ಲಿ ವಿಶ್ವಸಂಸ್ಥೆಯ ಮೊದಲ ಮಹಿಳಾ ಸಮ್ಮೇಳನ ಆಯಿತು.

ಕಾನೂನು ಬಂದ ಮೇಲೆ ಅಧಿಕಾರಿಗಳಿಗೆ ತಲೆನೋವು. ‘ಗಮನ ಕೊಡಬೇಕು ಸರಿ, ಹೇಗೆ?’ ಅದನ್ನು ಹೇಳಿಕೊಡಲು ವಿಶ್ವವಿದ್ಯಾಲಯಗಳು ಮುಂದೆ ಬಂದವು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ 1978ರಲ್ಲೇ ಇದಕ್ಕೊಂದು ವಿಭಾಗ ಮಾಡಿತು. ಬ್ರಿಟನ್ನಿನ ಸಸೆಕ್ಸ್‌ನಲ್ಲಿ, ಲಂಡನ್ನಿನಲ್ಲಿ ಕೂಡ ಆಸುಪಾಸಿನಲ್ಲೇ ಕೆಲಸ ಶುರುವಾಯಿತು. ವಿಶ್ವಬ್ಯಾಂಕು ತನ್ನ ಸಿಬ್ಬಂದಿಗೆ ತರಬೇತಿ ಕೊಡಿ ಅಂತ ಹಾರ್ವರ್ಡಿನವರನ್ನು ಕೇಳಿತು. ಹಾಗೆ ಹುಟ್ಟಿದ ಒಂದು ಕೋಷ್ಟಕ 1985ರಲ್ಲಿ ಅಚ್ಚಾಯಿತು. ಇವತ್ತಿಗೂ ಈ ಪಾಠದ ಮಗ್ಗಿ ಪುಸ್ತಕ ಅದೇ.

ಒಂದು ಹಸು, ಒಂದು ಪಾಸ್‌ಬುಕ್

ಆ ಕೋಷ್ಟಕವನ್ನು ನಮ್ಮ ಕಡೆಯ ಒಂದು ಹಸುವಿನ ಮೇಲೆ ಇಟ್ಟು ನೋಡೋಣ. ಮನೆ ಕಾಲ್ಪನಿಕ, ಆದರೆ ನಿಮಗೆ ಪರಿಚಯದ್ದೇ ಅನ್ನಿಸಬಹುದು.

ಮೊದಲ ಹಾಳೆಯಲ್ಲಿ ಕೆಲಸಗಳು. ಹುಲ್ಲು ಕೊಯ್ದು ತರುವುದು ಅವಳು. ಕೊಟ್ಟಿಗೆ ಗುಡಿಸಿ ಸೆಗಣಿ ಬಾಚುವುದು ಅವಳು. ಬೂಸಾ ಕಲಸುವುದು ಅವಳು. ಹಾಲು ಕರೆಯುವುದೂ ಅವಳೇ. ಡೈರಿಗೆ ಕ್ಯಾನು ಒಯ್ಯುವುದು ಅವನು, ಗಾಡಿ ಇರುವುದರಿಂದ. ಡಾಕ್ಟರನ್ನು ಕರೆಸುವುದು ಅವನು. ಹಸು ಮಾರುವ ಮಾತು ಬಂದರೆ ಅದೂ ಅವನೇ.

ಎರಡನೇ ಹಾಳೆಯಲ್ಲೇ ಸ್ವಾರಸ್ಯ ಇರುವುದು. ಅದರಲ್ಲಿ ಎರಡು ಕಾಲಂ. ‘ಬಳಸಲು ಸಿಗುತ್ತದಾ?’ ಅಂತ ಒಂದು, ‘ಹಿಡಿತ ಇದೆಯಾ?’ ಅಂತ ಇನ್ನೊಂದು. ಹಸು ಅವಳಿಗೆ ಬಳಸಲು ಸಿಗುತ್ತದೆ, ದಿನಾ ಎರಡು ಹೊತ್ತು. ಮಾರುವ ಹಕ್ಕು? ಇಲ್ಲ. ಹಾಲಿನಲ್ಲಿ ಕಾಫಿಗೆ, ಮಕ್ಕಳಿಗೆ ಒಂದಿಷ್ಟು ಎತ್ತಿಡಬಹುದು. ಡೈರಿಯ ದುಡ್ಡು? ಪಾಸ್‌ಬುಕ್ಕಿನಲ್ಲಿ ಯಾರ ಹೆಸರಿದೆ ನೋಡಿ. ಕರ್ನಾಟಕದಲ್ಲಿ ಹೆಂಗಸರದ್ದೇ ಹಾಲು ಸಹಕಾರ ಸಂಘಗಳು ಬಂದದ್ದರ ಹಿಂದೆ ಇರುವ ತರ್ಕವೂ ಇದೇ. ಕರೆಯುವ ಕೈಗೇ ದುಡ್ಡು ಸಿಗಲಿ ಅಂತ.

ಮೂರನೇ ಹಾಳೆ ಈ ಹಂಚಿಕೆ ಯಾಕೆ ಹೀಗಿದೆ ಅಂತ ಕೇಳುತ್ತದೆ. ಆಸ್ತಿ ಕಾನೂನು, ಜಾತಿ, ಪದ್ಧತಿ, ಪೇಟೆಯ ದೂರ, ಓದು. ಆಮೇಲೆ ಯೋಜನೆಯನ್ನು ಇದರ ಪಕ್ಕ ಇಟ್ಟು ನೋಡುತ್ತಾರೆ. ‘ಪ್ರತಿ ಮನೆಗೆ ಒಂದು ಮಿಶ್ರತಳಿ ಹಸು’ ಅನ್ನುವ ಯೋಜನೆ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಕೋಷ್ಟಕದ ಮುಂದೆ ಇಟ್ಟರೆ ಬೇರೆ ಪ್ರಶ್ನೆ ಏಳುತ್ತದೆ. ಈ ಹಸು ಜಾಸ್ತಿ ತಿನ್ನುತ್ತದೆ, ಜಾಸ್ತಿ ನೀರು ಕುಡಿಯುತ್ತದೆ. ಆ ಹುಲ್ಲು, ಆ ನೀರು ಯಾರ ತಲೆ ಮೇಲೆ ಬರುತ್ತದೆ? ಅವಳ ದಿನದಲ್ಲಿ ಅಷ್ಟು ಜಾಗ ಇದೆಯಾ?

ಅಭಿವೃದ್ಧಿಯ ಭಾಷೆಯಲ್ಲಿ ‘ಮನೆ’ ಅಂದರೆ ಒಂದು ಮುಚ್ಚಿದ ಪೆಟ್ಟಿಗೆ. ಪೆಟ್ಟಿಗೆಗೆ ಹಾಕಿದ್ದು ಒಳಗಿರುವ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ ಅಂತ ಒಂದು ನಂಬಿಕೆ. ಈ ಕೋರ್ಸುಗಳು ಮಾಡುವ ದೊಡ್ಡ ಕೆಲಸ ಅಂದರೆ ಆ ಪೆಟ್ಟಿಗೆಯ ಮುಚ್ಚಳ ತೆಗೆಯುವುದು. ಉಳಿದದ್ದೆಲ್ಲ ಅದರ ವಿಸ್ತರಣೆ, ನನ್ನ ಮಟ್ಟಿಗೆ.

ಕುಣಿಗಲ್ಲಿನ ಲೆಕ್ಕ

ಹಾರ್ವರ್ಡಿನ ಕೋಷ್ಟಕ ಅಚ್ಚಾಗುವ ಮೊದಲೇ ಇಂಥದ್ದೊಂದು ಲೆಕ್ಕ ನಮ್ಮ ತುಮಕೂರು ಜಿಲ್ಲೆಯಲ್ಲಿ ಆಗಿತ್ತು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಅಂತ ಒಂದು ಕೇಂದ್ರ ಶುರು ಮಾಡಿದರು. ಅಸ್ತ್ರ ಒಲೆ ಅಂದರೆ ನಿಮಗೆ ನೆನಪಾಗಬಹುದು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವ ಆ ಮೂರು ಬಾಯಿಯ ಒಲೆ. ಅದೇ ಅಸ್ತ್ರ.

ಅವರು ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಶಕ್ತಿಯ ಲೆಕ್ಕ ಹಾಕಲು ಹೊರಟರು. ಕರೆಂಟು, ಸೀಮೆಎಣ್ಣೆ, ಸೌದೆ, ಎತ್ತು, ಇವುಗಳ ಜೊತೆಗೆ ಮನುಷ್ಯರ ದುಡಿಮೆಯನ್ನೂ ಶಕ್ತಿ ಅಂತಲೇ ಎಣಿಸಿದರು. ಸೌದೆ ತರಲು ಎಷ್ಟು ಹೊತ್ತು, ನೀರಿಗೆ ಎಷ್ಟು, ಅಡುಗೆಗೆ ಎಷ್ಟು, ದನ ಮೇಯಿಸಲು ಎಷ್ಟು, ಹೊಲಕ್ಕೆ ಎಷ್ಟು. ಶ್ರೀಲತಾ ಬಾಟ್ಲಿವಾಲಾ ಎಂಬ ಸಂಶೋಧಕಿ 1982ರಲ್ಲಿ ಆ ಅಂಕಿಗಳನ್ನು ಗಂಡು, ಹೆಣ್ಣು, ಮಕ್ಕಳು ಅಂತ ಬಿಡಿಸಿ ಬರೆದರು. ಒಂದು ಮನೆಯ ಒಟ್ಟು ದುಡಿಮೆಯ ಗಂಟೆಗಳಲ್ಲಿ ಹೆಂಗಸರದ್ದು ಶೇ. 53. ಗಂಡಸರದ್ದು ಶೇ. 31. ಮಕ್ಕಳದ್ದು ಶೇ. 16.

ಆ ಲೆಕ್ಕದಿಂದ ಅವರು ಹೊರಡಿಸಿದ ಮಾತು ಇನ್ನೂ ಚೆನ್ನಾಗಿದೆ. ಹೆಂಗಸರ ಅಪೌಷ್ಟಿಕತೆ ಅಂದ ತಕ್ಷಣ ನಾವು ಊಟ ಜಾಸ್ತಿ ಕೊಡಬೇಕು ಅನ್ನುತ್ತೇವೆ. ಸರಿಯೇ. ಆದರೆ ಅವಳ ಮೈಯಿಂದ ಖರ್ಚಾಗುತ್ತಿರುವ ಶಕ್ತಿಯನ್ನು ಉಳಿಸಿದರೂ ಅದು ಊಟ ಕೊಟ್ಟ ಹಾಗೇ. ಸೌದೆ ಕಡಿಮೆ ತಿನ್ನುವ ಒಲೆ, ಮನೆ ಹತ್ತಿರ ಒಂದು ನಲ್ಲಿ, ಇವೂ ಪೌಷ್ಟಿಕತೆಯ ಯೋಜನೆಗಳೇ. ಒಲೆಯನ್ನು ಇಂಧನ ಇಲಾಖೆಯ ಫೈಲಿನಿಂದ ತೆಗೆದು ಆರೋಗ್ಯ ಇಲಾಖೆಯ ಫೈಲಿಗೆ ಹಾಕಿದ ಹಾಗಾಯಿತು, ಅಲ್ವಾ? ಇದೇ ಬಾಟ್ಲಿವಾಲಾ ಮುಂದೆ 1989ರಲ್ಲಿ ಡಚ್ ಸರ್ಕಾರದ ನೆರವಿನಿಂದ ಬಂದ, ಹಳ್ಳಿ ಹೆಂಗಸರ ಶಿಕ್ಷಣ-ಸಂಘಟನೆಯ ಮಹಿಳಾ ಸಮಖ್ಯಾ ಕಾರ್ಯಕ್ರಮವನ್ನು ಕರ್ನಾಟಕದಲ್ಲಿ ಕಟ್ಟಿದರು.

ಅಸ್ತ್ರದವರೂ ಎಡವಿದ್ದರು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಘಟಕ ಮಾಡಿದರು, ಅಡುಗೆಗೆ ಅಂತ. ಎಲ್ಲರ ಒಲೆ ಉರಿಯುವಷ್ಟು ಗ್ಯಾಸು ಆಗಲಿಲ್ಲ, ಯೋಜನೆ ನಿಂತಿತು. ಆಮೇಲೆ ಊರಿನವರನ್ನು ಕೂರಿಸಿಕೊಂಡು ಮೊದಲು ಬೇಕಾದ್ದು ಏನು ಅಂತ ಕೇಳಿದರು. ಕುಡಿಯುವ ನೀರು ಅಂದರು. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಬೋರ್‌ವೆಲ್ ನೀರು ಎತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಅದು ನಡೆಯಿತು.

ಪತ್ರ ಅವಳ ಹೆಸರಲ್ಲಿ, ಹೊಲ ಯಾರದ್ದು?

ಮತ್ತೆ ಗ್ಯಾಂಬಿಯಾಕ್ಕೆ ಹೋಗೋಣ, ಕಥೆ ಅಲ್ಲಿಗೆ ಮುಗಿದಿರಲಿಲ್ಲ. 1984ರಲ್ಲಿ ಜಹಾಲಿ-ಪಚಾರ್ ಅನ್ನುವ ಕಡೆ ದೊಡ್ಡದೊಂದು ನೀರಾವರಿ ಯೋಜನೆ ಬಂತು. ವಿಶ್ವಸಂಸ್ಥೆಯ ಕೃಷಿ ಅಭಿವೃದ್ಧಿ ನಿಧಿಯೂ ಅದಕ್ಕೆ ದುಡ್ಡು ಹಾಕಿತ್ತು. ಈ ಸಲ ಪಾಠ ಕಲಿತಿದ್ದರು. ಹೆಂಗಸರು ಭತ್ತದ ರೈತರು, ಅವರಿಗೂ ಹೊಲ ಸಿಗಬೇಕು ಅಂತ ಮೊದಲೇ ಬರೆದುಕೊಂಡಿದ್ದರು. ಹೆಂಗಸರ ಹೆಸರಿಗೆ ಹೊಲ ನೋಂದಣಿಯೂ ಆಯಿತು. ಆದರೂ ಕೆಟ್ಟಿತು. ಯಾಕೆ ಅಂತ ತಿಳಿಯಲು ಅಲ್ಲಿನ ಮಾಂಡಿಂಕಾ ಭಾಷೆಯ ಎರಡು ಪದ ಗೊತ್ತಿರಬೇಕು.

‘ಮಾರುವೊ’ ಅಂದರೆ ಮನೆತನದ ಹೊಲ. ಎಲ್ಲರೂ ದುಡಿಯಬೇಕು, ಬೆಳೆ ಯಜಮಾನನ ಕೈಗೆ, ಮನೆ ಊಟಕ್ಕೆ. ‘ಕಮನ್ಯಾಂಗೊ’ ಅಂದರೆ ಒಬ್ಬರ ಸ್ವಂತ ಹೊಲ. ಮನೆ ಹೊಲದಲ್ಲಿ ದುಡಿದದ್ದಕ್ಕೆ ಬದಲಾಗಿ ಸಿಗುವ ಹಕ್ಕು ಅದು. ಅಲ್ಲಿ ಬೆಳೆದದ್ದು ಬೆಳೆದವರಿಗೆ. ಹೆಂಗಸರು ಜೌಗಿನಲ್ಲಿ ಎಷ್ಟೋ ಭತ್ತವನ್ನು ಹೀಗೆ ಸ್ವಂತಕ್ಕೆ ಬೆಳೆದು ಮಾರುತ್ತಿದ್ದರು. ಯೋಜನೆ ಬಂದ ಮೇಲೆ ಗಂಡಸರು ಹೇಳಿದರು: ಇದು ವರ್ಷಕ್ಕೆ ಎರಡು ಬೆಳೆಯ ಹೊಲ, ಇಡೀ ಮನೆ ದುಡಿಯದೆ ಆಗುವುದಿಲ್ಲ, ಹಾಗಾಗಿ ಇದು ಮಾರುವೊ. ಪತ್ರದಲ್ಲಿ ಅವಳ ಹೆಸರು, ಬೆಳೆ ಮಾತ್ರ ಯಜಮಾನನದು. ಮೊದಲು ಮಳೆಗಾಲಕ್ಕೆ ಮಾತ್ರ ಇದ್ದ ಕೆಲಸ ವರ್ಷವಿಡೀ ಆಯಿತು. ಸ್ವಂತ ಹೊಲ ಹೋಯಿತು.

ಹೆಂಗಸರು ಸುಮ್ಮನೆ ಕೂರಲಿಲ್ಲ. ಕೆಲವರು ಗಂಡನ ಜೊತೆ ಚೌಕಾಸಿ ಮಾಡಿ ದುಡಿಮೆಗೆ ಬದಲು ಭತ್ತ ಪಡೆದರು. ಕೆಲವರು ಆ ಹೊಲವನ್ನೇ ಬಿಟ್ಟು, ಗುಂಪು ಕಟ್ಟಿಕೊಂಡು ಬೇರೆಯವರ ಹೊಲಕ್ಕೆ ಕೂಲಿಗೆ ಹೋದರು. ಜೂಡಿತ್ ಕಾರ್ನಿ ಎಂಬ ಭೂಗೋಳ ತಜ್ಞೆ ಇದನ್ನೆಲ್ಲ ದಾಖಲಿಸಿದ್ದಾರೆ. ಜೆಂಡರ್ ತರಗತಿಗಳಲ್ಲಿ ಈ ಪ್ರಸಂಗ ಮತ್ತೆ ಮತ್ತೆ ಬರುತ್ತದೆ. ‘ಮಹಿಳೆಯರನ್ನು ಸೇರಿಸಿದೆವು’ ಅಂತ ಟಿಕ್ ಹಾಕಿದ ಮೇಲೂ ಯೋಜನೆ ಹೇಗೆ ಮುಗ್ಗರಿಸಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಹಸುವಿನ ಲೆಕ್ಕದ ಎರಡು ಕಾಲಂ ನೆನಪಿಸಿಕೊಳ್ಳಿ. ಸಿಗುವುದು ಬೇರೆ, ಹಿಡಿತ ಬೇರೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕ್ಯಾರೊಲಿನ್ ಮೋಸರ್ 1980ರ ದಶಕದಲ್ಲಿ ಯೋಜನೆ ಮಾಡುವವರಿಗೆ ಪಾಠ ಹೇಳುವಾಗ ಇದನ್ನು ಇನ್ನೊಂದು ಬಗೆಯಲ್ಲಿ ಬಿಡಿಸಿದರು. ಹೆಂಗಸರಿಗೆ ಮೂರು ಪಾಳಿ ಅಂದರು. ದುಡಿಮೆ ಒಂದು, ಮನೆ-ಮಕ್ಕಳು ಇನ್ನೊಂದು, ಊರಿನ ಕೆಲಸ ಮೂರನೆಯದು. ಅಗತ್ಯಗಳಲ್ಲೂ ಎರಡು ಬಗೆ. ಹತ್ತಿರದಲ್ಲಿ ನೀರು ಬೇಕು ಅನ್ನುವುದು ಇವತ್ತಿನ ಅಗತ್ಯ. ನೀರಿನ ಸಮಿತಿಯಲ್ಲಿ ಅವಳ ಮಾತು ನಡೆಯಬೇಕು, ಹೊಲ ಅವಳದ್ದಾಗಬೇಕು ಅನ್ನುವುದು ಬೇರೆ ತೂಕದ್ದು. ಈ ಎರಡು ಬಗೆಗಳ ವ್ಯತ್ಯಾಸವನ್ನು ನಿಕರಾಗುವಾ ದೇಶದ ಕ್ರಾಂತಿಯನ್ನು ನೋಡುತ್ತಾ 1985ರಲ್ಲಿ ಬರೆದವರು ಮ್ಯಾಕ್ಸಿನ್ ಮಾಲಿನ್ಯೂ. ನಲ್ಲಿ ಹಾಕಿದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಹೊಲದ ಮಾತೆತ್ತಿದರೆ ಬರುತ್ತಾರೆ. ಹಾಗಾಗಿ ಯೋಜನೆಗಳು ನಲ್ಲಿಯ ಹತ್ತಿರವೇ ನಿಂತುಬಿಡುತ್ತವೆ.

ಅಳೆಯುವುದಕ್ಕೂ ಒಂದು ದಾರಿ ಬಂದಿದೆ. ಕೃಷಿಯಲ್ಲಿ ಮಹಿಳೆಯರ ಸಬಲೀಕರಣ ಸೂಚ್ಯಂಕ ಅಂತ 2012ರಲ್ಲಿ ಶುರುವಾಯಿತು, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಒಂದು ಕೇಂದ್ರವೂ ಅದರಲ್ಲಿದೆ. ಇದರಲ್ಲಿ ಮನೆಯ ‘ಯಜಮಾನ’ನನ್ನು ಕೇಳಿ ಎದ್ದು ಬರುವ ಹಾಗಿಲ್ಲ. ಗಂಡನನ್ನು ಬೇರೆ, ಹೆಂಡತಿಯನ್ನು ಬೇರೆ ಕೂರಿಸಿ ಅವವೇ ಪ್ರಶ್ನೆ ಕೇಳಬೇಕು. ಬೆಳೆಯ ತೀರ್ಮಾನ, ಆಸ್ತಿ, ದುಡ್ಡು, ಮುಂದಾಳತ್ವ, ಸಮಯ, ಹೀಗೆ ಐದು ಭಾಗ. ಸಮಯದ ಹಾಳೆ ಬೆಳಗಿನ ಜಾವ 4 ಗಂಟೆಗೆ ಶುರುವಾಗುತ್ತದೆ. ಅಲ್ಲಿಂದ 24 ಗಂಟೆ, 15 ನಿಮಿಷಕ್ಕೊಂದು ಚೌಕ. ಕೂಲಿ ಇಲ್ಲದ ಕೆಲಸವನ್ನೂ ಸೇರಿಸಿ ದಿನಕ್ಕೆ 10.5 ಗಂಟೆ ದಾಟಿದರೆ ಆ ಭಾಗದಲ್ಲಿ ಫೇಲು. ಮನೆಯಲ್ಲಿ ‘ಸುಮ್ನೆ ಇರುವ’ವರ ಹಾಳೆ ಎಷ್ಟಕ್ಕೆ ನಿಲ್ಲುತ್ತದೆ ಅಂತ ಯಾರು ಬೇಕಾದರೂ ಒಂದು ದಿನ ಬರೆದು ನೋಡಬಹುದು.

ಸಿಪ್ಪೆ ಸುಲಿಯುವವರನ್ನು ಕೇಳಿದಾಗ

ಇದರಲ್ಲಿ ಹುಳುಕೂ ಇದೆ. 1995ರಲ್ಲಿ ಬೀಜಿಂಗ್‌ನಲ್ಲಿ ವಿಶ್ವಸಂಸ್ಥೆಯ ಮಹಿಳಾ ಸಮ್ಮೇಳನ ಆದ ಮೇಲೆ ಎಲ್ಲ ಇಲಾಖೆಯಲ್ಲೂ, ಎಲ್ಲ ಯೋಜನೆಯಲ್ಲೂ ಜೆಂಡರ್ ಇರಬೇಕು ಅಂತಾಯಿತು. ಎಲ್ಲ ಕಡೆ ಇರಬೇಕು ಅಂದರೆ ಏನಾಗುತ್ತದೆ ಗೊತ್ತಲ್ಲ? ಒಂದು ದಿನದ ಕಾರ್ಯಾಗಾರ. ಅದರಲ್ಲೂ ಊಟ ಆದ ಮೇಲಿನ, ಎಲ್ಲರೂ ತೂಕಡಿಸುವ ಹೊತ್ತು. ವರದಿಯಲ್ಲಿ ‘ಭಾಗವಹಿಸಿದ ಮಹಿಳೆಯರು: ಇಷ್ಟು’ ಅಂತ ಒಂದು ಸಾಲು. ಹಾರ್ವರ್ಡಿನ ಕೋಷ್ಟಕದ ಮೇಲೂ ಇದೇ ದೂರು. ಯಾರು ಏನು ಮಾಡುತ್ತಾರೆ ಅಂತ ಅದು ಚೆನ್ನಾಗಿ ಹೇಳುತ್ತದೆ, ಅವರ ನಡುವಿನ ಜಗ್ಗಾಟವನ್ನು ಹೇಳುವುದಿಲ್ಲ.

ಈ ದೂರಿಗೆ ಉತ್ತರದ ಹಾಗಿರುವ ಒಂದು ಕೋರ್ಸು ಉಗಾಂಡಾದಲ್ಲಿದೆ. ಕಂಪಾಲಾದ ಮಕೆರೆರೆ ವಿಶ್ವವಿದ್ಯಾಲಯದಲ್ಲಿ 1991ರಿಂದಲೇ ಮಹಿಳಾ ಅಧ್ಯಯನ ವಿಭಾಗ ಇತ್ತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೊತೆ ಸೇರಿ ಅವರು 2016ರಲ್ಲಿ ‘ಗ್ರೇಟ್’ ಅನ್ನುವ ತರಬೇತಿ ಶುರು ಮಾಡಿದರು. ಗೇಟ್ಸ್ ಪ್ರತಿಷ್ಠಾನ ದುಡ್ಡು ಕೊಟ್ಟಿತು. ಇಲ್ಲಿಗೆ ಬರುವವರು ಬೆಳೆ ತಳಿ ಅಭಿವೃದ್ಧಿ ಮಾಡುವ ವಿಜ್ಞಾನಿಗಳು. ಒಬ್ಬೊಬ್ಬರೇ ಬರುವುದಲ್ಲ, ಸಮಾಜ ವಿಜ್ಞಾನಿಯೊಬ್ಬರನ್ನು ಜೊತೆ ಮಾಡಿಕೊಂಡು ತಂಡವಾಗಿ ಬರಬೇಕು. ಮೊದಲು ತರಗತಿ. ಆಮೇಲೆ ತಮ್ಮ ತಮ್ಮ ದೇಶಕ್ಕೆ ಹೋಗಿ, ತಮ್ಮದೇ ಬೆಳೆಯ ಬಗ್ಗೆ ಹಳ್ಳಿಯಲ್ಲಿ ಮಾಹಿತಿ ಸಂಗ್ರಹಿಸಬೇಕು. ಅದನ್ನು ಹಿಡಿದುಕೊಂಡು ಮತ್ತೆ ತರಗತಿಗೆ ಬರಬೇಕು. ಮೊದಲ ಸರದಿ ಗೆಡ್ಡೆ ಮತ್ತು ಬಾಳೆಯದ್ದು.

ಗೆಡ್ಡೆ ಅಂದರೆ ಮುಖ್ಯವಾಗಿ ಮರಗೆಣಸು. ತಳಿ ವಿಜ್ಞಾನಿಯ ಕಣ್ಣಿಗೆ ಬೀಳುವುದು ಎಕರೆಗೆ ಎಷ್ಟು ಟನ್, ರೋಗ ತಡೆಯುತ್ತದಾ ಅನ್ನುವುದು. ನೈಜೀರಿಯಾದಲ್ಲಿ ಆ ಗೆಣಸಿನಿಂದ ‘ಗಾರಿ’ ಮಾಡುತ್ತಾರೆ. ಸಿಪ್ಪೆ ಸುಲಿದು, ತುರಿದು, ಹುಳಿ ಬರಿಸಿ, ಹಿಂಡಿ ನೀರು ತೆಗೆದು, ದೊಡ್ಡ ಬಾಣಲೆಯಲ್ಲಿ ಹುರಿದ ತರಿ ಅದು. ಈ ಕೆಲಸದಲ್ಲಿ ಹೆಚ್ಚಿನವರು ಹೆಂಗಸರು, ಅದೇ ಅವರ ಸಂಪಾದನೆ. ಗೆಡ್ಡೆ ದೊಡ್ಡದಿದ್ದು ಒಳಗೆ ಬರೀ ನೀರಿದ್ದರೆ ಬುಟ್ಟಿ ತುಂಬ ಸುಲಿದರೂ ಗಾರಿ ಅಷ್ಟಕ್ಕಷ್ಟೇ. ಹೊಗೆಯ ಮುಂದೆ ಕೂರುವ ಹೊತ್ತು ಜಾಸ್ತಿ, ಸೌದೆ ಜಾಸ್ತಿ. ಸಿಪ್ಪೆ ಬಿಡಿಸಲು ಕಷ್ಟವಾದರೆ ಬೆರಳು ಹೋಗುತ್ತದೆ. ಹೊಲದಲ್ಲಿ ಗೆದ್ದ ತಳಿ ಹಿತ್ತಲಲ್ಲಿ ಸೋಲುವುದು ಹೀಗೆ. ರಾಗಿಯ ಹೊಸ ತಳಿ ಬಂದಾಗ ನಮ್ಮವರು ‘ಮುದ್ದೆ ಹೆಂಗೆ ಬರುತ್ತೆ, ಹುಲ್ಲು ಎಷ್ಟಾಗುತ್ತೆ’ ಅಂತ ಕೇಳುತ್ತಾರಲ್ಲ, ಅದೇ ಪ್ರಶ್ನೆ. ಕೇಳಬೇಕಾದವರನ್ನು ಕೇಳಬೇಕು ಅಷ್ಟೇ. ಈ ತರಬೇತಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಕಾರ್ನೆಲ್ಲಿನ ಹಾಲೆ ಟುಫಾನ್‌ಗೆ 2019ರಲ್ಲಿ ಬೋರ್ಲಾಗ್ ಹೆಸರಿನ ಕ್ಷೇತ್ರ ಸಂಶೋಧನಾ ಪ್ರಶಸ್ತಿ ಬಂತು. ಹಸಿರು ಕ್ರಾಂತಿಯ ಬೋರ್ಲಾಗ್ ಅವರೇ.

ಇಂಥ ಕೆಲಸಕ್ಕೆ ಹಣದ ದೊಡ್ಡ ಪಾಲು ಹೊರಗಿನಿಂದ ಬರುತ್ತದೆ, ಅದೇ ಇದರ ದುರ್ಬಲ ಕೊಂಡಿ. ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ 2025ರಲ್ಲಿ ಬಾಗಿಲು ಹಾಕಿತು. ಪರ್ಸಿ ತಿದ್ದುಪಡಿಯ ಕಾಲದಿಂದ ಅದರ ಹಣ ನೆಚ್ಚಿಕೊಂಡಿದ್ದ ವಿಶ್ವವಿದ್ಯಾಲಯಗಳ ಎಷ್ಟೋ ಕೃಷಿ ಸಂಶೋಧನೆಗಳು ಅರ್ಧಕ್ಕೆ ನಿಂತವು.

ಕೆಲವು ಅಭ್ಯಾಸಗಳು ಮಾತ್ರ ಉಳಿದುಕೊಂಡಿವೆ. ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಕೇಂದ್ರಗಳ ಒಕ್ಕೂಟದಲ್ಲಿ ಈಗ ತಳಿ ತಂಡಗಳಿಗೆ ‘ಜಿ ಪ್ಲಸ್’ ಅಂತ ಒಂದು ಪರಿಶೀಲನಾ ಪಟ್ಟಿ ಇದೆ. ಹೊಸ ತಳಿಗೆ ಅಂದುಕೊಂಡ ಒಂದೊಂದು ಗುಣದ ಮುಂದೆಯೂ ಎರಡು ಪ್ರಶ್ನೆ. ಇದರಿಂದ ಹೆಂಗಸರಿಗೆ ಹಾನಿ ಆಗುತ್ತದಾ? ಅಂದರೆ ಕೆಲಸ ಹೆಚ್ಚುತ್ತದಾ, ಈಗ ಇರುವ ಸಂಪಾದನೆ ಕೈಬಿಟ್ಟುಹೋಗುತ್ತದಾ? ಒಳ್ಳೆಯದು ಏನಾದರೂ ಆಗುತ್ತದಾ? ಎರಡಕ್ಕೂ ಅಂಕ ಕೊಡಬೇಕು. ಅಂಕ ಕೊಡಬೇಕಾದರೆ ಗೆಣಸು ಸುಲಿಯುವವರ ಪಕ್ಕ ಹೋಗಿ ಕೂರಬೇಕು.